ಮಧ್ಯಾಹ್ನದ ಮೇಲೆ ಗುಡುಗು

ಲಿಫ್ಟಿನಲ್ಲಿ ಪೆಟ್ಟಿಗೆ ಹಿಡಿಸಲಿಲ್ಲ. ಶವದ ವ್ಯಾನಿನ ಡ್ರೈವರ್ ಮೊದಲು ಉದ್ದಕ್ಕೆ ನೂಕಿ ನೋಡಿದ, ಆಮೇಲೆ ಓರೆಯಾಗಿಸಿ ನೋಡಿದ, ಕಡೆಗೆ ನೆಟ್ಟಗೆ ನಿಲ್ಲಿಸಿಬಿಡೋಣವೇ ಎಂಬಂತೆ ಸತ್ತವಳ ತಂಗಿಯ ಮಗಳ ಮುಖ ನೋಡಿದ.

"ಬೇಡ," ಎಂದಳು ಅವಳು. "ದೊಡ್ಡಮ್ಮನ್ನ ನಿಲ್ಲಿಸ್ಕೊಂಡು ಕರ್ಕೊಂಡು ಹೋಗೋದು ಬೇಡ."

"ಹಾಗಾದ್ರೆ ಮೆಟ್ಟಿಲೇ ಗತಿ. ನಾಲ್ಕು ಜನ ಬೇಕಮ್ಮ. ನಾನೊಬ್ಬ, ನೀವೊಬ್ರು..." ಡ್ರೈವರನ ಕಣ್ಣು ಗೋಡೆಗೆ ಒರಗಿ ನಿಂತಿದ್ದ ಮುದುಕರ ಮೊಣಕಾಲಿನ ಪಟ್ಟಿಯ ಮೇಲೆ ಬಿತ್ತು. "ಸಾರ್‌ನ ಅರ್ಧ ಅಂತ ಇಟ್ಕೊಳ್ಳೋಣ."

"ಮುಕ್ಕಾಲು ಅಂತ ಇಟ್ಕೋ," ಎಂದರು ಮುದುಕರು.

ಅವರು ಹವಾಮಾನ ಕಚೇರಿಯಲ್ಲಿ ಮುನ್ಸೂಚನೆ ಬರೆಯುತ್ತಿದ್ದವರು, ಈಗ ನಿವೃತ್ತರು. ಕಚೇರಿಯವರ ಬಾಯಲ್ಲಿ ಮೋಡದ ಸಾರ್. ಸತ್ತವಳು ಅದೇ ಕಚೇರಿಯ ಟೆಲಿಫೋನ್ ಕೋಣೆಯಲ್ಲಿ ಕೂತು, ಫೋನ್ ಮಾಡಿದವರಿಗೆಲ್ಲ ಅವರು ಬರೆದದ್ದನ್ನು ಓದಿ ಹೇಳುತ್ತಿದ್ದಳು. ಊರಿನ ಅರ್ಧ ಜನ ಆ ದನಿ ಕೇಳಿದ್ದರು. ಇವತ್ತು ಬಂದಿದ್ದವರು ಮೋಡದ ಸಾರ್ ಒಬ್ಬರೇ.

ತಂಗಿಯ ಮಗಳು ಪಕ್ಕದ ಬಾಗಿಲುಗಳನ್ನು ತಟ್ಟಿದಳು. ಒಂದು ಮನೆಗೆ ಬೀಗ. ಇನ್ನೊಂದರಲ್ಲಿ ಸೊಂಟನೋವು. ಮೂರನೆಯದರ ಹೆಂಗಸು ಬಾಗಿಲ ಸರಪಳಿ ತೆಗೆಯದೆ, "ಅಯ್ಯೋ ಪಾಪ, ಆ ಮನೇಲಿ ಯಾರಿದ್ರು?" ಎಂದು ಕೇಳಿದಳು.

ಕಾರಿಡಾರಿನ ಕಿಟಕಿಯಾಚೆ ಆಕಾಶ ಹಳೆಯ ತಾಮ್ರದ ಪಾತ್ರೆಯ ತಳದಂತೆ ಕಂದಿತ್ತು. ಗಾಳಿ ಅಲ್ಲಾಡುತ್ತಿರಲಿಲ್ಲ. ಮೋಡದ ಸಾರ್ ಅತ್ತ ನೋಡಿ, "ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು, ಮಳೆ. ನಾಳೆಯಿಂದ ತಂಪು, ಒಣಹವೆ," ಎಂದರು, ರೂಢಿಯ ದನಿಯಲ್ಲಿ. ಆಮೇಲೆ ತಮ್ಮನ್ನು ತಾವೇ ಸರಿಪಡಿಸಿಕೊಂಡು, "ಬೇಗ ಹೊರಡಬೇಕು ಮಗಳೇ. ಗುಂಡಿಗೆ ನೀರು ತುಂಬಿದ್ರೆ ಕಷ್ಟ," ಎಂದರು.

ಆಗಲೇ ಮನೆಯೊಳಗೆ ಫೋನು ಬಡಿದುಕೊಂಡದ್ದು.

ತಂಗಿಯ ಮಗಳು ಓಡಿಹೋಗಿ ಎತ್ತಿದಳು. ಅವಳು "ಹಲೋ" ಅನ್ನುವ ಮೊದಲೇ ಆ ಕಡೆಯ ಗಂಡಸು ಮಾತಾಡಿದ.

"ಇವತ್ತು ಹೇಗೆ? ಹೊರಗೆ ಹಾಕ್ಲಾ, ಒಳಗೇ ಇಟ್ಕೊಳ್ಲಾ? ಬೆಳಿಗ್ಗೆಯಿಂದ ಎರಡು ಸಲ ಮಾಡಿದೆ, ಯಾಕೆ ಎತ್ತಲಿಲ್ಲ?"

"ಯಾರು ಬೇಕಿತ್ತು?"

ಆ ಕಡೆ ಯಾವುದೋ ಯಂತ್ರ ದಡದಡ ತಿರುಗುವ ಸದ್ದು ಕೇಳಿತು. "ನೀವ್ಯಾರು? ಅವರಿಗೆ ಕೊಡಿ."

"ದೊಡ್ಡಮ್ಮ ತೀರ್ಕೊಂಡ್ರು. ನಿನ್ನೆ ಸಾಯಂಕಾಲ."

"ಇಲ್ಲವಲ್ಲ," ಎಂದ ಅವನು. "ನಿನ್ನೆ ಬೆಳಿಗ್ಗೆ ಮಾತಾಡಿದ್ರು. ಗಾಳಿ ಜಾಸ್ತಿ ಇರತ್ತೆ, ಕ್ಲಿಪ್ಪು ಎರಡೆರಡು ಹಾಕಿ ಅಂದ್ರು."

ಹೊರಗೆ ಡ್ರೈವರ್ ಗಡಿಯಾರ ನೋಡಿಕೊಳ್ಳುತ್ತಿದ್ದ. "ನಿಮಗೆ ಬರೋಕಾಗತ್ತಾ? ಎತ್ತೋಕೆ ಒಬ್ರು ಕಮ್ಮಿ ಇದ್ದಾರೆ," ಎಂದುಬಿಟ್ಟಳು. ಯಾರೆಂದೇ ಗೊತ್ತಿಲ್ಲದವನನ್ನು ಹೀಗೆ ಕರೆದೆನಲ್ಲ ಎಂದು ನಾಚಿಕೆಯೂ ಆಯಿತು.

"ವಿಳಾಸ ಹೇಳಿ."

"ಮನೆ ಗೊತ್ತಿಲ್ವಾ ನಿಮಗೆ?"

"ನಂಬರ್ ಮಾತ್ರ ಗೊತ್ತು," ಎಂದ ಅವನು.

*

ಊರಿಗೆಲ್ಲ ಹವಾಮಾನ ಹೇಳುವ ಆ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ಮೇಜು, ಒಂದು ಫೋನು, ತಲೆಯ ಮೇಲೆ ಕಟಕಟ ಎನ್ನುವ ಫ್ಯಾನು. ಬೆಳಿಗ್ಗೆ ಮೋಡದ ಸಾರ್ ಕೊಟ್ಟ ಹಾಳೆಯನ್ನು ಆಕೆ ಸಂಜೆಯವರೆಗೆ ಓದುತ್ತಿದ್ದಳು. ಕೇಳುವವರು ಕೇಳಿ, ಥಟ್ಟನೆ ಇಟ್ಟುಬಿಡುತ್ತಿದ್ದರು. ಥ್ಯಾಂಕ್ಸ್ ಹೇಳುವವರು ಕಮ್ಮಿ. ಹೆಸರು ಕೇಳಿದವರಂತೂ ಇಲ್ಲವೇ ಇಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಫೋನಿನಲ್ಲಿ ಒಬ್ಬ ಕಿರುಚಾಡಿದ. "ಒಣಹವೆ ಅಂದ್ರಲ್ಲ ರೀ! ಹೋಟೆಲಿನ ಬಿಳಿ ಬೆಡ್‌ಶೀಟು ಅಷ್ಟೂ ಕೆಸರಲ್ಲಿ ಬಿದ್ದಿದೆ. ನಾನು ಲಾಂಡ್ರಿಯವನು, ಮತ್ತೆ ಮೊದಲಿಂದ ಒಗೀಬೇಕು. ಸ್ವಲ್ಪ ಹೊರಗೆ ತಲೆಹಾಕಿ ನೋಡಿ, ಹೇಗೆ ಸುರೀತಿದೆ!"

"ನೋಡೋಕಾಗಲ್ಲ," ಎಂದಳು ಆಕೆ. "ನನ್ನ ಕೋಣೆಗೆ ಕಿಟಕಿ ಇಲ್ಲ."

ಆ ಕಡೆ ಅವನು ನಗತೊಡಗಿದ, ನಿಲ್ಲಿಸಲಾಗದಂಥ ನಗು. ಆಕೆಗೂ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮಾರನೆಯ ದಿನ ಬೆಳಿಗ್ಗೆ ಅವನೇ ಫೋನ್ ಮಾಡಿದ. ಆಕೆ ಹಾಳೆ ಎತ್ತಿಕೊಂಡು ಓದಲು ಶುರುಮಾಡಿದರೆ, "ತಡೀರಿ ತಡೀರಿ," ಎಂದ. "ಹೊರಗೆ ಒಳ್ಳೇ ಬಿಸಿಲಿದೆ. ಉತ್ತರದ ಕಡೆ ಒಂದು ಮೋಡ, ದಿಂಬಿನಷ್ಟು. ನಿಮಗೆ ಕಿಟಕಿ ಇಲ್ವಲ್ಲ, ಅದಕ್ಕೆ ಹೇಳಿದೆ."

ಹೀಗೆ ದಿನವೂ ಅವನು ಹೊರಗಿನದನ್ನು ಹೇಳುವುದು, ಆಕೆ ಮುಂದಿನದನ್ನು ಹೇಳುವುದು ನಡೆಯಿತು. ಕೆಲವು ವರ್ಷಗಳ ಮೇಲೆ ಕಚೇರಿಯವರು ಮುನ್ಸೂಚನೆ ಹೇಳಲು ಯಂತ್ರ ಕೂರಿಸಿ, ಆಕೆಯನ್ನು ಸಾಮಾನಿನ ಕೋಣೆಗೆ ಹಾಕಿದರು. ಫೋನು ಬಿಟ್ಟುಕೊಡುವ ದಿನ ಆಕೆ ತಗ್ಗಿದ ದನಿಯಲ್ಲಿ, "ಒಂದು ನಂಬರ್ ಬರ್ಕೊಳ್ಳಿ. ಮನೇದು," ಎಂದಳು.

ಅವನು ಒಮ್ಮೆ ಕೇಳಿದ್ದ. "ಇಷ್ಟು ವರ್ಷ ಆಯ್ತು, ಒಂದು ಸಲ ಎಲ್ಲಾದ್ರೂ ಸಿಗಬಾರ್ದಾ?"

"ಮುಖ ನೋಡಿದ್ರೆ ಮಳೆ ಏನು ನಿಲ್ಲುತ್ತಾ?" ಎಂದು ಆಕೆ ಮಾತು ಹಾರಿಸಿದಳು. ಅವನು ಮತ್ತೆ ಕೇಳಲಿಲ್ಲ.

*

ಲಾಂಡ್ರಿಯವನು ಬಂದಾಗ ಪೆಟ್ಟಿಗೆಯ ಮುಚ್ಚಳ ಹಾಕಿಯಾಗಿತ್ತು. ತೋಳು ಮಡಚಿದ ಅಂಗಿ, ಸೋಪಿನ ನೀರಿಗೆ ಬೆಳ್ಳಗಾದ ಬೆರಳು, ಅರವತ್ತು ದಾಟಿದ ಗಟ್ಟಿ ಆಳು. ಯಾರ ಪರಿಚಯವನ್ನೂ ಕೇಳದೆ ತಲೆಯ ಕಡೆಗೆ ಹೋಗಿ ನಿಂತ.

"ಅದು ಭಾರದ ಕಡೆ," ಎಂದ ಡ್ರೈವರ್.

"ಒದ್ದೆ ಕಂಬಳಿ ಹೊತ್ತವನು ನಾನು. ನಡೀರಿ."

ಮೆಟ್ಟಿಲ ತಿರುವಿನಲ್ಲೆಲ್ಲ ಮೋಡದ ಸಾರ್ "ಒಂದು ನಿಮಿಷ" ಎನ್ನುತ್ತಿದ್ದರು, ಎಲ್ಲರೂ ನಿಲ್ಲುತ್ತಿದ್ದರು. ಕೆಳಗೆ ಬರುವ ಹೊತ್ತಿಗೆ ದೂರದಲ್ಲಿ ಯಾರೋ ತಗಡು ಎಳೆದಂತೆ ಮೊದಲ ಗುಡುಗು ಕೇಳಿತು.

ವ್ಯಾನಿನ ಹಿಂಬದಿಯಲ್ಲಿ ಪೆಟ್ಟಿಗೆಯ ಅಕ್ಕಪಕ್ಕ ಮೂವರೂ ಕೂತರು.

"ನೋವಾಯ್ತಾ ಅವರಿಗೆ?" ಎಂದು ಕೇಳಿದ ಲಾಂಡ್ರಿಯವನು.

"ಇಲ್ವಂತೆ. ಕುರ್ಚಿಯಲ್ಲಿ ಕೂತಿದ್ದ ಹಾಗೇ..." ತಂಗಿಯ ಮಗಳು ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಸಂಜೆಯ ಹಾಲು ತಂದವನು ನೋಡಿ ತಿಳಿಸಿದ್ದ. ಅವಳು ರಾತ್ರಿಯ ಬಸ್ಸು ಹಿಡಿದು ಬಂದಿದ್ದಳು. ಬೆಟ್ಟದ ಮೇಲಿನ ಊರಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ. ತಾಯಿ ಸತ್ತಮೇಲೆ ಕಾಲೇಜು ಮುಗಿಯುವ ತನಕ ಇದೇ ದೊಡ್ಡಮ್ಮನ ಮನೆಯಲ್ಲಿದ್ದವಳು. ಆಮೇಲಾಮೇಲೆ ಭಾನುವಾರದ ಫೋನು ಮಾತ್ರ ಉಳಿದಿತ್ತು.

ಸ್ಮಶಾನದಲ್ಲಿ ಗುಂಡಿ ತೋಡಿದವನು ಗುದ್ದಲಿ ಊರಿಕೊಂಡು ಆಕಾಶ ನೋಡುತ್ತ ಕಾಯುತ್ತಿದ್ದ. "ಕಡೇ ಸಲ ಮುಖ ನೋಡೋರು ನೋಡ್ಕೊಳ್ಳಿ. ಬೇಗ," ಎಂದು ಮುಚ್ಚಳ ಸರಿಸಿದ.

ಮೋಡದ ಸಾರ್ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಲಾಂಡ್ರಿಯವನು ದೂರದಲ್ಲೇ ನಿಂತಿದ್ದ.

"ಬನ್ನಿ," ಎಂದಳು ತಂಗಿಯ ಮಗಳು.

"ಅವರಿಗೆ ಇಷ್ಟ ಇರಲಿಲ್ಲ. ನಾನು ನೋಡೋದು."

"ಈಗ ಬೇಜಾರು ಮಾಡ್ಕೊಳ್ಳಲ್ಲ, ಬನ್ನಿ."

ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು ಬಂದ. ಬಗ್ಗಿದ. ಬಗ್ಗಿದವನು ಹಾಗೆಯೇ ಉಳಿದ.

"ಇವರಲ್ಲ," ಎಂದ ಕಡೆಗೆ. "ಇವರು ಬೇರೆ. ಇವರು ನಮ್ಮಂಗಡಿಗೆ ಬರ್ತಾರೆ. ಇವರಿಗೆ ಮಾತು ಬರಲ್ಲ."

ಮೋಡದ ಸಾರ್ ತಂಗಿಯ ಮಗಳ ಮುಖ ನೋಡಿದರು. ಅವಳು ಲಾಂಡ್ರಿಯವನ ಮುಖ ನೋಡಿದಳು. "ಇವರೇ ನಮ್ಮ ದೊಡ್ಡಮ್ಮ," ಎಂದಳು ಮೆಲ್ಲಗೆ.

*

ಎಲ್ಲಾದರೂ ಸಿಗಬಾರದೇ ಎಂದು ಅವನು ಕೇಳಿದ ವಾರವೇ, ಅವನು ಎಂದೋ ಮಾತಿನ ನಡುವೆ ಹೇಳಿದ್ದ ಬೀದಿಯನ್ನು ಹುಡುಕಿಕೊಂಡು ಆಕೆ ಅವನ ಅಂಗಡಿಗೆ ಹೋಗಿದ್ದಳು. ಹೊರಡುವಾಗ ಒಂದು ನೆಪ ಇರಲಿ ಎಂದು ತನ್ನ ಬೂದುಬಣ್ಣದ ಉಣ್ಣೆಯ ಕೋಟನ್ನು ಚೀಲಕ್ಕೆ ತುರುಕಿಕೊಂಡಿದ್ದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ತಿದ್ದಿ ತೀಡಿದ್ದಳು. "ನಾನೇ, ಕಿಟಕಿ ಇಲ್ಲದವಳು," ಎನ್ನಬೇಕು. ಅವನು ನಗುತ್ತಾನೆ.

ಅಂಗಡಿ ಹಬೆಯಿಂದ ತುಂಬಿತ್ತು. ಅವನು ಕೌಂಟರಿನ ಹಿಂದೆ ಇಸ್ತ್ರಿ ಮಾಡುತ್ತಿದ್ದ. ತಲೆಯೆತ್ತಿ, "ಹೇಳಿ ಅಮ್ಮಾ," ಎಂದ. ಎಲ್ಲ ಗಿರಾಕಿಗಳಿಗೂ ಹೇಳುವ ಹಾಗೆ.

ಆಕೆಯ ಬಾಯಿ ತೆರೆಯಿತು. ಅವನ ಹಿಂದಿನ ಕನ್ನಡಿಯಲ್ಲಿ ತನ್ನದೇ ಮುಖ, ಬೆವರಿಗೆ ಅಂಟಿದ ನರೆಗೂದಲು, ಚೀಲವನ್ನು ಅವುಚಿಕೊಂಡ ಕೈ ಕಂಡವು. ಈ ಹೆಂಗಸಿನ ಬಾಯಿಂದ ಆ ದನಿ ಬಂದರೆ ಅವನ ಮುಖ ಹೇಗಾದೀತು? ಬಾಯಿ ಮುಚ್ಚಿಕೊಂಡು ಕೋಟನ್ನು ಕೌಂಟರಿನ ಮೇಲಿಟ್ಟಳು. ಕಾಲರಿನ ಕಲೆಯನ್ನು ಬೆರಳಿನಿಂದ ತೋರಿಸಿದಳು.

ಅವನು ಒಂದೆರಡು ಪ್ರಶ್ನೆ ಕೇಳಿದ. ಆಕೆ ತಲೆಯಾಡಿಸಿದಳು. ಅವನಿಗೆ ಏನೋ ಹೊಳೆದಂತಾಗಿ ದನಿ ಏರಿಸಿ, ಒಂದೊಂದೇ ಅಕ್ಷರ ಬಿಡಿಸಿ, "ಶು-ಕ್ರ-ವಾ-ರ ಬನ್ನಿ," ಎಂದ.

ಶುಕ್ರವಾರ ಹೇಳಿಬಿಡುತ್ತೇನೆ ಎಂದುಕೊಂಡೇ ಆಕೆ ಮನೆಗೆ ಬಂದಳು. ಶುಕ್ರವಾರ ಹೋದರೆ ಅವನು ಕೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಟ್ಟು, ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟ. ಅಷ್ಟು ಮರ್ಯಾದೆಯನ್ನು ಆಕೆ ಯಾರಿಂದಲೂ ಕಂಡಿರಲಿಲ್ಲ. ಈಗ ಬಾಯಿಬಿಟ್ಟರೆ ಅವನಿಗೆ ಮೋಸ ಮಾಡಿದಂತೆ. ಮುಂದಿನ ತಿಂಗಳು ಹೇಳಿದರಾಯಿತು. ಮುಂದಿನ ತಿಂಗಳು ಅದು ಇನ್ನೂ ದೊಡ್ಡ ಮೋಸವಾಗಿತ್ತು.

*

ಕಡೆಯ ಹಿಡಿ ಮಣ್ಣು ಬೀಳುತ್ತಿದ್ದ ಹಾಗೆ ಆಕಾಶ ಸೀಳಿತು. ಗುಂಡಿ ತೋಡಿದವನು ಗುದ್ದಲಿ ಹೊತ್ತು ತನ್ನ ಮನೆಗೆ ಓಡಿದ. ಉಳಿದ ನಾಲ್ವರು ಗೇಟಿನ ಪಕ್ಕದ ತಗಡಿನ ಶೆಡ್ಡಿಗೆ ಸೇರುವಷ್ಟರಲ್ಲಿ ಒಳಗಿನ ಬಟ್ಟೆಯವರೆಗೂ ತೊಯ್ದಿದ್ದರು. ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಕೂಗಿಯೇ ಮಾತಾಡಬೇಕಿತ್ತು.

"ಕೈಸನ್ನೆ ಕಲಿತೆ ರೀ ನಾನು!" ಎಂದು ಕೂಗಿದ ಲಾಂಡ್ರಿಯವನು. ಸಿಟ್ಟೋ ಅಳುವೋ ತಿಳಿಯುವಂತಿರಲಿಲ್ಲ. "ಕಿವುಡರ ಶಾಲೆ ಮೇಷ್ಟ್ರ ಬಟ್ಟೆ ನಮ್ಮಲ್ಲೇ ಬರತ್ತೆ. ಅವರ ಹತ್ರ ಹೇಳಿಸ್ಕೊಂಡೆ. ಶುಕ್ರವಾರ ಅನ್ನೋಕೆ ಹೀಗೆ, ಕಲೆ ಹೋಗಲ್ಲ ಅನ್ನೋಕೆ ಹೀಗೆ." ಅವನ ಬೆಳ್ಳಗಿನ ಬೆರಳುಗಳು ಗಾಳಿಯಲ್ಲಿ ಆಡಿದವು. "ನಿಮ್ಮ ದೊಡ್ಡಮ್ಮನೂ ನನ್ನಿಂದ ಕಲಿತು ಹಾಗೇ ಮಾಡೋರು."

ಡ್ರೈವರ್ ನಗು ತಡೆಯಲಾರದೆ ಮುಖ ತಿರುಗಿಸಿದ.

"ಅವರ ವಿಷಯ ಅವರ ಹತ್ರಾನೇ ಹೇಳಿದ್ದೀನಿ. ಫೋನಲ್ಲಿ ಒಬ್ರಿದ್ದಾರೆ, ನಾನು ನೋಡಿಲ್ಲ, ಒಂದು ದಿನ ಮಾತಾಡದಿದ್ರೆ ನನಗೆ ಬೆಳಗೇ ಆಗಲ್ಲ ಅಂತ. ಮಾತು ಬರದವರು, ಯಾರಿಗೆ ಹೇಳ್ತಾರೆ ಅಂದ್ಕೊಂಡು ಎಲ್ಲಾ ಹೇಳಿಬಿಟ್ಟೆ."

"ದೊಡ್ಡಮ್ಮ ಏನು ಮಾಡಿದ್ರು?"

"ಕೋಟಿನ ಗುಂಡಿ ಗಟ್ಟಿಯಿದೆಯಾ ಅಂತ ಎಳೆದೆಳೆದು ನೋಡ್ತಾ ನಿಂತ್ರು." ಅವನು ಮುಖದ ನೀರನ್ನು ಒರೆಸಿಕೊಂಡ. "ಅದರ ಮಾರನೇ ದಿನದಿಂದ ಫೋನನ್ನ ಮೊದಲ ರಿಂಗಿಗೇ ಎತ್ತೋಕೆ ಶುರುಮಾಡಿದ್ರು."

ಮಳೆ ಸ್ವಲ್ಪ ತಗ್ಗಿತು. ತಂಗಿಯ ಮಗಳು ನೆಲ ನೋಡುತ್ತ ಹೇಳಿದಳು. "ನನ್ನ ಹತ್ರ ಹವಾಮಾನ ಬಿಟ್ರೆ ಬೇರೆ ಮಾತೇ ಇರ್ತಿರಲಿಲ್ಲ. ಅಲ್ಲಿ ಚಳಿನಾ, ಮಳೆನಾ, ಸ್ವೆಟರ್ ಇದೆಯಾ. ನನಗೆ ತಲೆಕೆಟ್ಟು ಹೋಗೋದು. ಬೇಗ ಇಟ್ಟುಬಿಡ್ತಿದ್ದೆ."

ಅವನು ಅವಳನ್ನು ಮೊದಲ ಬಾರಿ ಎಂಬಂತೆ ನೋಡಿದ. "ಬೆಟ್ಟದ ಊರಿನ ಹುಡುಗಿ ನೀವೇನಾ? ದಿನಾ ಹೇಳೋರು. ನಮ್ಮೂರಿಂದು ಹೇಳಿ ಮುಗಿಸಿ, ಅಲ್ಲಿ ನಮ್ಮ ಹುಡುಗಿಗೆ ಇವತ್ತು ಮಂಜು ಜಾಸ್ತಿ, ಬಸ್ಸು ತಡ ಆಗತ್ತೆ ಅನ್ನೋರು. ನನಗೇನು ಗೊತ್ತು ಆ ಊರು? ಹೂಂ ಅಂತಿದ್ದೆ."

ಅವಳು ಶೆಡ್ಡಿನ ಕಂಬವನ್ನು ಹಿಡಿದುಕೊಂಡಳು. ಮೋಡದ ಸಾರ್ ಅವಳ ಭುಜದ ಮೇಲೆ ಕೈಯಿಟ್ಟರು. ಅವಳು ಅತ್ತಳು, ಬೆಳಿಗ್ಗೆಯಿಂದ ಅದು ಮೊದಲ ಸಲ.

ಮಳೆ ಬಂದ ಹಾಗೆಯೇ ಹೋಯಿತು. ಮೋಡ ಪೂರ್ವಕ್ಕೆ ಸರಿದು, ಸೆಕೆ ಮುರಿದು, ಬೇರೆಯೇ ದಿಕ್ಕಿನಿಂದ ತಣ್ಣನೆಯ ಹಗುರ ಗಾಳಿ ಬೀಸತೊಡಗಿತು. ಹುಲ್ಲು, ಕಲ್ಲು, ಹೊಸ ಮಣ್ಣಿನ ಗುಡ್ಡೆ ಎಲ್ಲವೂ ತೊಳೆದಿಟ್ಟಂತೆ ಹೊಳೆದವು. ಡ್ರೈವರ್ ವ್ಯಾನಿನ ಬೀಗದ ಕೈ ತೆಗೆದ. ಯಾರೂ ಏಳಲಿಲ್ಲ. ಅವನೂ ಮತ್ತೆ ಕೂತ.

ಮೋಡದ ಸಾರ್‌ಗೆ ನಡುಕ ಹತ್ತಿತ್ತು. ಲಾಂಡ್ರಿಯವನು ಎದ್ದು, "ಇಲ್ಲಿ ಕೊಡಿ ಸಾರ್," ಎಂದು ಅವರ ಅಂಗಿಯ ಗುಂಡಿ ಬಿಚ್ಚಿದ. ಅಂಗಿಯನ್ನು ಹಿಂಡಿ, ಎರಡು ಕೈಯಲ್ಲಿ ಹಿಡಿದು ಪಟ್ಟೆಂದು ಒಮ್ಮೆ ಒದರಿದ. ಡ್ರೈವರನ ಅಂಗಿ ಈಸಿಕೊಂಡ, ತನ್ನದನ್ನೂ ಬಿಚ್ಚಿದ. ತಂಗಿಯ ಮಗಳು ಹೊದ್ದಿದ್ದ ಶಾಲನ್ನು ತಾನಾಗಿಯೇ ಕೊಟ್ಟಳು. ಸ್ಮಶಾನದ ಕಬ್ಬಿಣದ ಬೇಲಿಯ ಮೇಲೆ ಅವನು ಅವುಗಳನ್ನು ಒಂದರ ಪಕ್ಕ ಒಂದು ಹರವಿದ. ಕಾಲರು ಎಳೆದು, ತೋಳು ಬಿಡಿಸಿ, ಸುಕ್ಕು ತೀಡಿ. ಗಾಳಿ ಒಳಹೊಕ್ಕು ಮೂರು ಅಂಗಿಗಳ ತೋಳುಗಳೂ ಮೇಲೆದ್ದವು.

ಬನಿಯನ್ನಿನಲ್ಲಿದ್ದ ಇಬ್ಬರು ಗಂಡಸರೂ ಬರಿ ಭುಜದ ಹುಡುಗಿಯೂ ಶೆಡ್ಡಿನ ಬೆಂಚಿನ ಮೇಲೆ ಒತ್ತಿಕೊಂಡು ಕೂತು ನೋಡುತ್ತಿದ್ದರು. ಅವನು ಬೇಲಿಯುದ್ದಕ್ಕೂ ಅತ್ತಿಂದಿತ್ತ ನಡೆಯುತ್ತ, ಪ್ರತಿ ಸಲವೂ ಶಾಲಿನ ಅಂಚಿನ ಬಳಿ ನಿಂತು, ಮಗುವಿನ ಜ್ವರ ನೋಡುವವನ ಹಾಗೆ ಕೈಯ ಹಿಂಬದಿಯಿಂದ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ.