ಬೀಳ್ಕೊಡುಗೆಗೆ ಕಿತ್ತ ಕಂಬ

ನಾನೊಂದು ಖೋಖೋ ಕಂಬ. ಈಗ ಬುಡ ಗೆದ್ದಲು ತಿಂದು ಸಾಮಾನು ಕೋಣೆಯಲ್ಲಿ ಒರಗಿದ್ದೇನೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ಬಾಗಿಲೋ ಮಂಚವೋ ಆಗಬೇಕಿದ್ದ ಸಾಗುವಾನಿ ತುಂಡು ನಾನು. ಗದಗಿನ ಮೌನೇಶಪ್ಪ ಬಡಿಗೇರರ ಕೈಗೆ ಸಿಕ್ಕು ಕಂಬವಾದೆ. ಹುಟ್ಟಿದ ದಿನವೇ ನನ್ನನ್ನು ನೋಡಲು ಬಂದವರು ನೀಲಗಂಗಾ ಮೇಡಂ, ಕಾಲೇಜಿನ ಖೋಖೋ ಕ್ಲಬ್ಬಿಗೆ ತರಬೇತಿ ಕೊಡುವವರು. ಕಣ್ಣು ಮುಚ್ಚಿ ನನ್ನ ಮೈಯೆಲ್ಲ ಅಂಗೈ ಸವರಿದರು.

"ಬಡಿಗೇರ್ರೀ, ಇಲ್ಲೊಂದ್ ಸಿಬರು ಐತಿ ನೋಡ್ರಿ. ನಮ್ಮ ಹುಡುಗೇರು ಓಡಿ ಬಂದು ಇದನ್ನ ಹಿಡಿದು ತಿರುಗ್ತಾರ. ಕೈ ಸೀಳತೈತಿ."

ಹೆತ್ತವರಿಗೆ ಹೆಗ್ಗಣ ಮುದ್ದು. ಮೌನೇಶಪ್ಪ ಮುಖ ಸಿಂಡರಿಸಿಕೊಂಡೇ ಮತ್ತೊಮ್ಮೆ ಉಜ್ಜಿದರು.

ಮೈದಾನದ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ನನ್ನ ಜೋಡಿ, ನಡುವೆ ಸಾಲಾಗಿ ಕುಳಿತ ಹುಡುಗಿಯರು. ನಿಂತಲ್ಲೇ ನಿಂತ ಕಂಬಕ್ಕೇನು ಗೊತ್ತು ಎಂದು ಮೂಗು ಮುರಿಯಬೇಡಿ. ಯಾರು ಹೊಟ್ಟೆಗಿಲ್ಲದೆ ಬಂದಿದ್ದಾರೆ, ಯಾರು ಮನೆಯಲ್ಲಿ ಬೈಸಿಕೊಂಡು ಬಂದಿದ್ದಾರೆ, ಎಲ್ಲವೂ ಹಿಡಿತದಲ್ಲೇ ತಿಳಿಯುತ್ತದೆ. ದಾಕ್ಷಾಯಣಿ ಹೊಸದಾಗಿ ಬಂದಾಗ ಎಲ್ಲಿ ಡಿಕ್ಕಿ ಹೊಡೆಯುತ್ತೇನೋ ಎಂದು ನನ್ನ ಹತ್ತಿರ ಬರಲೂ ಹೆದರುತ್ತಿದ್ದಳು. ಮೇಡಂ ಅವಳ ಜೊತೆಜೊತೆಗೇ ಓಡಿ ಆ ಹೆದರಿಕೆ ಬಿಡಿಸಿದರು. ಆಮೇಲೆ ಅವಳೇ ತಂಡದ ನಾಯಕಿಯಾದಳು, ಅವಳು ಬರುವ ರಭಸಕ್ಕೆ ನನ್ನ ಬುಡ ಅಲ್ಲಾಡುತ್ತಿತ್ತು.

ಹೀಗಿರುವಾಗ ಮೇಡಂಗೆ ಬಳ್ಳಾರಿಯ ಕ್ರೀಡಾ ಹಾಸ್ಟೆಲಿನಲ್ಲಿ ಕೆಲಸ ಸಿಕ್ಕಿತು. ಅವರ ಜಾಗಕ್ಕೆ ಸದ್ಯಕ್ಕೆ ಯಾರೂ ಬರುವುದಿಲ್ಲವಂತೆ. ಹುಡುಗಿಯರು ನನ್ನ ಸುತ್ತ ಕುಳಿತು ಅತ್ತರು.

"ಮೇಡಂ ಇಲ್ಲಂದ್ರ ಹೇಳಿಕೊಡೋರು ಯಾರು? ಆಟ ಇಲ್ಲಿಗೇ ಸಾಕು," ಎಂದಳು ದಾಕ್ಷಾಯಣಿ. "ಈ ಕಂಬಾನ ಅವ್ರಿಗೇ ನೆನಪಿಗೆ ಕೊಟ್ಟುಬಿಡೂಣು."

ಹೇಳಿದ್ದೇ ತಡ, ಹಾರೆ ಹಾಕಿ ಕಿತ್ತೇಬಿಟ್ಟರು. ಮಣ್ಣು ತೊಳೆದು, ಬಂಗಾರದ ಬಣ್ಣದ ಕಾಗದ ಸುತ್ತಿ, ತಲೆಗೊಂದು ಮೈಸೂರು ಪೇಟ ಇಟ್ಟರು. ನೋಡಿದವರಿಗೆ ಮದುಮಗ, ನನಗೆ ಮಾತ್ರ ಸೂತಕ.

ಸಮಾರಂಭದಲ್ಲಿ ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಮುಗಿದ ಮೇಲೆ ನನ್ನನ್ನು ಮೇಡಂ ಕೈಗಿಟ್ಟರು. ಕಾಗದದ ಮೇಲಿನಿಂದಲೇ ಅವರಿಗೆ ಗುರುತು ಸಿಕ್ಕಿತು. ನಗುತ್ತಿದ್ದ ಮುಖ ಬಾಡಿತು.

"ನಾಳೆ ಮುಂಜಾನೆ ಏನ್ ಹಿಡಿದು ತಿರುಗ್ತೀರಿ?"

"ನೀವಿಲ್ದ ನಾವು ಆಡಂಗಿಲ್ರೀ ಮೇಡಂ," ಎಂದಳು ದಾಕ್ಷಾಯಣಿ.

"ಹಂಗಾರ ಇಷ್ಟ್ ವರ್ಷ ನಾ ಕಲಿಸಿದ್ದೇನವಾ? ನನ್ನ ಬೆನ್ನು ಹತ್ತಿ ಓಡೋದನ್ನ?" ಮೇಡಂ ಹೆಗಲ ಮೇಲಿನ ಶಾಲು ಎಳೆದು ತೆಗೆದರು. "ನೀವು ಆಟ ಬಿಟ್ರ ಈ ಶಾಲು ನನಗ್ಯಾಕ? ಹಾರೆ ತರ್ರಿ."

ಶಾಲನ್ನೇ ಸೊಂಟಕ್ಕೆ ಬಿಗಿದುಕೊಂಡು ಮೈದಾನಕ್ಕೆ ನಡೆದರು. ತಾವೇ ನನ್ನನ್ನು ಗುಂಡಿಗೆ ಇಳಿಸಿ ಬುಡಕ್ಕೆ ಕಲ್ಲು ಜಡಿದರು. ಹಣ್ಣಿನ ಬುಟ್ಟಿ ಹೊತ್ತುಕೊಂಡು ಪ್ರಾಚಾರ್ಯರು ಪಕ್ಕದಲ್ಲಿ ನಿಂತೇ ಇದ್ದರು, ಪಾಪ.

"ನಾಳೆ ಮುಂಜಾನಿ ಬಸ್ಸಿಗೆ ಹೊಂಟೀನಿ. ಬಸ್ ಸ್ಟ್ಯಾಂಡಿಗೆ ಯಾರೂ ಬರಬ್ಯಾಡ್ರಿ. ಬರೋದಿದ್ರ ಇಲ್ಲಿ ಬರ್ರಿ," ಎಂದಷ್ಟೇ ಹೇಳಿ ಹೋದರು.

ಬೆಳಗಾಯಿತು. ಮೈದಾನದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮೇಡಂ ಪಟ್ಟ ಪಾಡೆಲ್ಲ ನೀರಲ್ಲಿ ಹೋಮವಾಯಿತು ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಅಳು ಬಂತು. ಅಷ್ಟರಲ್ಲಿ ಗೆರೆ ಹಾಕುವ ಸುಣ್ಣದ ಪುಡಿ ಹಿಡಿದು ತಂಡದ ಹಸೀನಾ ಬಂದಳು. ಅವಳ ಹಿಂದೆ ಇಬ್ಬರು, ಆಮೇಲೆ ಇನ್ನಷ್ಟು ಮಂದಿ. ಎಲ್ಲರಿಗಿಂತ ಕೊನೆಗೆ ದಾಕ್ಷಾಯಣಿ. ಕಣ್ಣು ಊದಿಕೊಂಡಿದ್ದವು. ಯಾರ ಮುಖವನ್ನೂ ನೋಡದೆ ಗೆರೆ ಎಳೆದಳು.

"ಕುಂದರ್ರಿ," ಎಂದಳು.

ಎಲ್ಲರೂ ಕುಳಿತರು. ಅವಳು ಓಡಿ ಬಂದು ನನ್ನನ್ನು ಹಿಡಿದು ತಿರುಗಿದಳು. ಆ ಹಿಡಿತದಲ್ಲಿ ಅಳು ಇತ್ತು, ಆದರೆ ಅಂಜಿಕೆ ಇರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಆಟ ರಂಗೇರಿದ ಹೊತ್ತಿಗೆ ಬಳ್ಳಾರಿ ಬಸ್ಸು ಗೇಟಿನ ಮುಂದಿನ ರಸ್ತೆಯುಬ್ಬಿನ ಬಳಿ ನಿಧಾನವಾಯಿತು. ಕಿಟಕಿಯಿಂದ ಮೇಡಂ ತಲೆ ಹೊರಗೆ ಬಂತು. ಕೈ ಬೀಸುತ್ತಾರೆ ಎಂದುಕೊಂಡೆ.

"ಏ ಹಸೀನಾ, ಹಿಮ್ಮಡ ಎತ್ತಿ ಕುಂದ್ರು! ಹಂಗ ಕುಂತ್ರ ಏಳೋದ್ ಯಾವಾಗ?"

ಹಸೀನಾ ಹಿಮ್ಮಡಿ ಎತ್ತಿ ಕುಳಿತಳು. ಬಸ್ಸು ಮುಂದಕ್ಕೆ ಹೋಯಿತು. ದಾಕ್ಷಾಯಣಿ ಅವಳ ಬೆನ್ನ ಹಿಂದೆ ಬಂದು "ಖೋ" ಎಂದಳು.