ಬಿಗಿ ಹೂವಿನ ತಳಿ

ಶೈಲಜಾಗೆ ಅಂಡಾಶಯದ ಕ್ಯಾನ್ಸರ್ ಮರುಕಳಿಸಿದೆ ಎಂದು ಗೊತ್ತಾದ ಏಪ್ರಿಲ್‌ನಲ್ಲಿ ಅವಳ ತಮ್ಮ ಗುರುದತ್ ಕ್ಯಾಲಿಫೋರ್ನಿಯಾದಿಂದ ಫೋರ್ಟ್ ಮಿಲ್‌ಗೆ ಬಂದ. ಕಾಫಿ ಕುಡಿದಾದ ಮೇಲೆ ಬ್ಯಾಗಿನಿಂದ ವಿಟಮಿನ್ ಮಾತ್ರೆಯ ಎರಡು ಡಬ್ಬಿ ತೆಗೆದು ಊಟದ ಮೇಜಿನ ಮೇಲಿಟ್ಟ. ಒಳಗಿದ್ದದ್ದು ಗಾಂಜಾ ಬೀಜ.

ಮೊದಲ ಸಲದ ಕೀಮೋದಲ್ಲಿ ಅಕ್ಕ ಪಟ್ಟ ಪಾಡನ್ನು ಅವನು ಕಣ್ಣಾರೆ ಕಂಡಿದ್ದ. ನೀರು ಕುಡಿದರೂ ವಾಂತಿ. ಡಾಕ್ಟರು ಮಾತ್ರೆ ಬದಲಿಸಿ ಬದಲಿಸಿ ಕೊಟ್ಟರೂ ಹಿಡಿಯಲಿಲ್ಲ. ಅವನಿದ್ದ ಊರಿನಲ್ಲಿ ಇಂಥ ರೋಗಿಗಳು ಡಾಕ್ಟರ ಒಪ್ಪಿಗೆ ಪಡೆದು ಹಿತ್ತಲಲ್ಲೇ ಗಾಂಜಾ ಬೆಳೆದುಕೊಳ್ಳುತ್ತಿದ್ದರು. ಅಕ್ಕನಿದ್ದ ಸೌತ್ ಕ್ಯಾರೊಲೈನಾದಲ್ಲಿ ಅದು ಜೈಲಿಗೆ ಹೋಗುವ ಅಪರಾಧ.

“ಬೇಡ ಗುರು,” ಎಂದ ಶೈಲಜಾಳ ಗಂಡ ಬದರಿನಾಥ. ಅವನು ಹತ್ತಿರದ ಷಾರ್ಲಟ್ ನಗರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. “ನಾನಿನ್ನೂ ಎಚ್-ಒನ್ ವೀಸಾ ಮೇಲಿದೀನಿ. ಗ್ರೀನ್ ಕಾರ್ಡ್ ಪೆಂಡಿಂಗ್. ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ ಮುಗೀತು, ಇಂಡಿಯಾಗೆ ವಾಪಸ್ ಕಳಿಸಿಬಿಡ್ತಾರೆ. ಇವಳ ಟ್ರೀಟ್‌ಮೆಂಟ್ ಅರ್ಧಕ್ಕೇ ನಿಲ್ಲುತ್ತೆ.”

ಶೈಲಜಾ ಬೀಜಗಳನ್ನು ಅಂಗೈಗೆ ಸುರಿದುಕೊಂಡು ನೋಡುತ್ತಿದ್ದಳು. ಮದುವೆಗೆ ಮುಂಚೆ ಅವಳು ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದವಳು. ಇಲ್ಲಿಗೆ ಬಂದಮೇಲೆ ಗಂಡನ ವೀಸಾದಲ್ಲಿ ಅವಳಿಗೆ ಕೆಲಸ ಮಾಡುವಂತಿರಲಿಲ್ಲ. ಕಲಿತದ್ದೆಲ್ಲ ಹಿತ್ತಲಿನ ಬದನೆ, ಬೆಂಡೆಗಳಿಗೆ ಮೀಸಲಾಗಿತ್ತು.

“ಎರಡು ಡಬ್ಬಿ ಯಾಕೋ?” ಎಂದಳು.

“ಎರಡೂ ಬೇರೆ ತಳಿ ಅಕ್ಕ. ಇದು ಗಿಡ್ಡ, ಅಗಲ ಎಲೆ. ಹೂ ಬಿಗಿಯಾಗಿ ಕಟ್ಟುತ್ತೆ, ಸೆಪ್ಟೆಂಬರ್‌ಗೆಲ್ಲ ರೆಡಿ. ನಮ್ಮ ಕಡೆ ಹೊರಗಡೆ ಬೆಳೆಯೋರು ಇದನ್ನೇ ಇಷ್ಟಪಡ್ತಾರೆ. ಆ ಇನ್ನೊಂದು ಉದ್ದಕ್ಕೆ ಹೋಗುತ್ತೆ, ಹೂ ಸಡಿಲ. ನವೆಂಬರ್ ಬೇಕು.”

“ನಿಮ್ಮದು ಮೆಡಿಟರೇನಿಯನ್ ಹವೆ ಕಣೋ. ಬೇಸಿಗೆ ಪೂರ್ತಿ ಒಣ. ಇಲ್ಲಿ ಆಗಸ್ಟ್‌ನಲ್ಲಿ ಒಗೆದ ಬಟ್ಟೆ ಒಣಗಲ್ಲ. ಅಷ್ಟು ಬಿಗಿ ಹೂವಿನಲ್ಲಿ ತೇವ ಕೂತ್ರೆ ಒಳಗಿಂದಲೇ ಬೂಷ್ಟು ಹಿಡಿಯುತ್ತೆ. ಈ ಊರಿಗೆ ಸಡಿಲ ಹೂವಿನದ್ದೇ ಸರಿ.”

“ಹಾಗಾದ್ರೆ ಅದನ್ನೇ ಹಾಕು.”

ಅವಳು ಅಂಗೈಯಲ್ಲಿದ್ದ ಬೀಜಗಳನ್ನು ವಾಪಸ್ ಡಬ್ಬಿಗೆ ಸುರಿದಳು. “ಬೇಸಿಗೆಯಲ್ಲಿ ಸರ್ಜರಿ. ಅದು ವಾಸಿಯಾದ ತಕ್ಷಣ ಕೀಮೋ ಶುರು. ನವೆಂಬರ್‌ನಲ್ಲಿ ಬರೋ ಹೂ ಇಟ್ಕೊಂಡು ಏನು ಮಾಡ್ಲಿ? ಈ ಬಿಗಿ ಹೂವಿನದ್ದೇ ಇರಲಿ.” ಆಮೇಲೆ ಗಂಡನ ಕಡೆ ತಿರುಗಿದಳು. “ರೀ, ಅದೇ ಇನ್ನೊಂದ್ಸಲ ನನ್ನಿಂದ ಆಗಲ್ಲ.”

ಬದರಿನಾಥ ಎದ್ದು ಹಿತ್ತಲಿಗೆ ಹೋದ. ಗುದ್ದಲಿ, ಹಾರೆ ಇಡುವ ಮರದ ಶೆಡ್ಡಿನ ಹಿಂದೆ, ಬೇಲಿಯಿಂದ ಕಾಣದ ಜಾಗದಲ್ಲಿ, ತಾನೇ ಗುಂಡಿ ತೋಡಿದ.

ಆ ಬೇಸಿಗೆ ಗಿಡಗಳು ಚೆನ್ನಾಗಿ ಬಂದವು. ಶೈಲಜಾ ಸರ್ಜರಿಯ ಹೊಲಿಗೆ ಒತ್ತಿ ಹಿಡಿದುಕೊಂಡೇ ಹೋಗಿ ಗಾಳಿ ಆಡಲೆಂದು ಕೆಳಗಿನ ಎಲೆಗಳನ್ನು ಕೀಳುತ್ತಿದ್ದಳು. ಏಳನೇ ತರಗತಿಯ ಮಗಳು ಶ್ರದ್ಧಾಳಿಗೆ ಅದು ಅಮ್ಮನ ಔಷಧಿ ಗಿಡ, ಯಾರಿಗೂ ಹೇಳಬಾರದು ಎಂದಷ್ಟೇ ಹೇಳಿದ್ದರು. ಅವಳು ಹೇಳಲಿಲ್ಲ. ಬದರಿನಾಥ ಮಾತ್ರ ಬೀದಿಯಲ್ಲಿ ಪೊಲೀಸ್ ಕಾರು ಕಂಡರೆ ಸಾಕು, ಅಂಗಡಿಗೆ ಹೊರಟವನು ಮನೆಗೆ ವಾಪಸಾಗುತ್ತಿದ್ದ.

ಎರಡು ಸಾವಿರದ ನಾಲ್ಕರ ಸೆಪ್ಟೆಂಬರ್ ಅದು. ಫ್ಲಾರಿಡಾ ಕಡೆ ಅಪ್ಪಳಿಸಿದ ಚಂಡಮಾರುತಗಳ ಬಾಲಗಳು ಒಂದರ ಹಿಂದೊಂದು ಕ್ಯಾರೊಲೈನಾಗೆ ಬಂದು ಮಳೆ ಸುರಿಸಿದವು. ಬದರಿನಾಥ ಗಿಡಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ. ಒಳಗೆ ಬೆವರಿತು. ಮಳೆ ಬಿಟ್ಟಾಗ ಶೈಲಜಾ ಕೊಡೆಯೂರಿಕೊಂಡು ಬಂದು ಒಂದು ಹೂವನ್ನು ಉಗುರಿನಿಂದ ಸೀಳಿದಳು. ಮೇಲೆ ಹಸಿರು, ಒಳಗೆ ಬೂದಿಬಣ್ಣದ ನೂಲು.

“ಹೇಳಿರಲಿಲ್ವಾ?” ಎಂದಳು, ತನಗೇ ಹೇಳಿಕೊಳ್ಳುವಂತೆ.

ಆ ಹೊತ್ತಿಗೆ ಕೀಮೋ ಶುರುವಾಗಿತ್ತು. ಅವಳು ನಾಲ್ಕು ತುತ್ತು ತಿಂದು ದಿನಗಳಾಗಿದ್ದವು. ಕೊಳೆತದ್ದನ್ನೆಲ್ಲ ಬಿಸಾಡಿದರು. ಶೆಡ್ಡಿನ ಗೋಡೆಗೆ ಒತ್ತಿಕೊಂಡಿದ್ದ ಒಂದು ಗಿಡ ಮಾತ್ರ ಚೆನ್ನಾಗಿರುವಂತೆ ಕಂಡಿತು. ಶೈಲಜಾ ಹಳೆಯ ಭೂತಗನ್ನಡಿ ಹಿಡಿದು ಅದರ ಹೂಗಳನ್ನು ನೋಡಿದಳು. ಕನ್ನಡಿ ಅಲುಗದಂತೆ ಬದರಿನಾಥ ಅವಳ ಮಣಿಕಟ್ಟು ಹಿಡಿದುಕೊಂಡಿದ್ದ.

“ಇದು ಕ್ಲೀನ್ ಇದೆ ಅನ್ಸುತ್ತೆ,” ಎಂದಳು.

“ಅನ್ಸುತ್ತಾ, ಇದೆಯಾ?”

“ಹಸಿವಾಗ್ಬೇಕು ರೀ ನನಗೆ.”

ಒಣಗಿಸಿ, ಸುತ್ತಿ, ಸೇದಿದಳು. ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆ ಸಂಜೆ ಮೇಜಿಗೆ ಬಂದು ಕೂತು ತಿಳಿಸಾರು ಅನ್ನ ಉಂಡಳು, ಇನ್ನೊಮ್ಮೆ ಹಾಕಿಸಿಕೊಂಡಳು. ಶ್ರದ್ಧಾ ತಟ್ಟೆ ಬಿಟ್ಟು ಅಮ್ಮನನ್ನೇ ನೋಡುತ್ತಿದ್ದಳು. ಅಂಥ ಕೆಲವು ಸಂಜೆಗಳು ಅವರಿಗೆ ಸಿಕ್ಕವು.

ಅಕ್ಟೋಬರ್‌ನಲ್ಲಿ ಜ್ವರ ಬಂತು. ಹಿಂದೆಯೇ ಕೆಮ್ಮು, ಕಫದಲ್ಲಿ ರಕ್ತ. ಆಸ್ಪತ್ರೆಗೆ ಸೇರಿಸಿದ ಮೇಲೆ ಉಸಿರಾಟದ ಯಂತ್ರ ಹಾಕಿದರು, ಅವಳ ಮಾತು ನಿಂತಿತು. ಶ್ವಾಸಕೋಶದಲ್ಲಿ ಏನು ಬೆಳೆಯುತ್ತಿದೆಯೆಂದು ಅಲ್ಲಿನ ಲೇಡಿ ಡಾಕ್ಟರಿಗೆ ಸ್ಪಷ್ಟವಿರಲಿಲ್ಲ. ಆಕೆ ಹೊರಗೆ ಬಂದು ಬದರಿನಾಥನನ್ನು ಕೇಳಿದಳು: “ಮನೆಯಲ್ಲಿ ಬೂಷ್ಟು ಹಿಡಿದದ್ದು ಏನಾದರೂ ಇತ್ತೇ? ಅವರು ಸಿಗರೇಟು, ಗಾಂಜಾ ಏನಾದರೂ ಸೇದುತ್ತಿದ್ದರೇ?”

ಶ್ರದ್ಧಾ ಪಕ್ಕದಲ್ಲೇ ನಿಂತಿದ್ದಳು.

“ನೋ,” ಎಂದ ಬದರಿನಾಥ.

ಮರುದಿನ ಮಧ್ಯಾಹ್ನದವರೆಗೂ ಅವನು ಆ ಸುಳ್ಳನ್ನು ತಿದ್ದಲಿಲ್ಲ. ಆಮೇಲೆ ತಾನೇ ಡಾಕ್ಟರನ್ನು ಹುಡುಕಿಕೊಂಡು ಹೋಗಿ ಎಲ್ಲ ಹೇಳಿದ. ಆಕೆ ಬೈಯಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ಬೂಷ್ಟಿನ ಶಿಲೀಂಧ್ರಕ್ಕೆ ಬೇರೆ ಔಷಧಿ ಬರೆದು ನರ್ಸನ್ನು ಕರೆದಳು. ಶೈಲಜಾ ಆ ವಾರ ದಾಟಲಿಲ್ಲ. ಒಂದು ದಿನ ಮೊದಲೇ ಹೇಳಿದ್ದರೆ ಉಳಿಯುತ್ತಿದ್ದಳೇ ಎಂದು ಬದರಿನಾಥ ಕೇಳಿದ್ದಕ್ಕೆ, ಅದನ್ನು ಯಾರೂ ಹೇಳಲಾರರು ಎಂದಳು ಡಾಕ್ಟರ್. ಪೊಲೀಸರು ಕೊನೆಗೂ ಬರಲಿಲ್ಲ.

ಅಪ್ಪ ಮಗಳು ಮುಂದೆ ಜಾರ್ಜಿಯಾದ ಲಾರೆನ್ಸ್‌ವಿಲ್‌ಗೆ ಹೋದರು. ಶ್ರದ್ಧಾ ಹೈಸ್ಕೂಲಿಗೆ ಬಂದ ವರ್ಷ, ಒಂದು ದಿನ ಅಪ್ಪ ಕಾರಿನಲ್ಲಿ ಸ್ಕೂಲಿನಿಂದ ಕರೆತರುವಾಗ, ಕಿಟಕಿಯ ಆಚೆ ನೋಡುತ್ತಲೇ ಕೇಳಿದಳು:

“ಅಪ್ಪ, ಡಾಕ್ಟರ್ ಕೇಳಿದಾಗ ಯಾಕೆ ನೋ ಅಂದೆ?”

ಅವನು ಸುಳ್ಳು ಹುಡುಕಲಿಲ್ಲ. “ಹೆದರಿಕೆ ಆಯ್ತು ಪುಟ್ಟಿ. ನಮ್ಮನ್ನ ಕಳಿಸಿಬಿಡ್ತಾರೆ ಅಂತ.”

“ಅಮ್ಮ ಸೇದಿದ್ದು ನನಗೂ ಗೊತ್ತಿತ್ತು,” ಎಂದಳು ಅವಳು. “ಐ ವಾಸ್ ರೈಟ್ ದೇರ್. ನಾನೂ ಹೇಳಲಿಲ್ಲ.”

ಬದರಿನಾಥ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಅಮ್ಮ ಹೋದಾಗಿನಿಂದ ಅವಳು ಊಟಕ್ಕೆ ಕೂತು ಅರ್ಧಕ್ಕೇ ಎದ್ದು ಹೋಗುತ್ತಿದ್ದುದು ಯಾಕೆಂದು ಅವನಿಗೆ ಆಗ ಹೊಳೆಯಿತು.

“ಹೇಳೋದು ನಿನ್ನ ಕೆಲಸ ಆಗಿರಲಿಲ್ಲಮ್ಮ. ನನ್ನದು. ನಾನು ಹೇಳ್ಬೇಕಾಗಿತ್ತು.”

ಅವಳು ಬ್ಯಾಗನ್ನು ಎದೆಗೆ ಅವುಚಿಕೊಂಡಳು. ಅಳಲಿಲ್ಲ, ನಂಬಿದಂತೆಯೂ ಕಾಣಲಿಲ್ಲ. “ಲೆಟ್ಸ್ ಗೋ ಹೋಮ್, ಅಪ್ಪ,” ಎಂದಳು. ಅವನಿಗೆ ಇನ್ನೂ ಹೇಳುವುದಿತ್ತು. ಕಾರು ಚಾಲೂ ಮಾಡಿದ.