ಇಬ್ಬರಿರಲೇಬೇಕು

ಟಪ್ ಟಪ್ ಎಂದು ಆ ನೀಲಿ ಹವಾಯಿ ಚಪ್ಪಲಿ, ಅದರೊಳಗೆ ಈಗ ಬೇರೆಯವರ ಕಾಲು — ಸರ್ವರ್ ರೂಮಿಗೆ ಧೂಳು ಬರಬಾರದೆಂದು ಬಾಗಿಲಲ್ಲೇ ಶೂ ಬಿಟ್ಟು ಇದನ್ನು ಮೆಟ್ಟಿಕೊಳ್ಳಬೇಕು, ಇರುವುದು ಎರಡೇ ಜೊತೆ, ಒಂದು ತನ್ನದು, ಇನ್ನೊಂದು ಈರೇಶನದು, ಮುಂಬೈ ಕಂಪನಿಯಿಂದ ತಪಾಸಣೆಗೆ ಬಂದ ವಿಶ್ವನಾಥ್ ಸಾರ್ ಯಾವುದು ಹಾಕ್ಕೊಳ್ಳಲಮ್ಮ ಎಂದು ಕೇಳಿದರೆ ಭುವನೇಶ್ವರಿ ಇನ್ಯಾವುದನ್ನು ತೋರಿಸಬೇಕಿತ್ತು, ಈರೇಶನ ಹೆಬ್ಬೆರಳು ಒತ್ತಿ ಒತ್ತಿ ತಗ್ಗುಬಿದ್ದ ಜಾಗದಲ್ಲಿ ಇವರ ಬೆರಳು ಕೂರುತ್ತಲೇ ಇಲ್ಲ, ನೋಡಬಾರದು, ಆ ಕಡೆ ನೋಡಲೇಬಾರದು. ಹೊರಗೆ ಪೀಣ್ಯದ ಲೇತ್ ಮಷೀನುಗಳ ಕಿರ್ರೆನ್ನುವ ಸದ್ದು, ಪಕ್ಕದ ಶೆಡ್ಡಿನ ಕಬ್ಬಿಣದ ಪುಡಿ ತಿಂದು ನಮ್ಮ ಸರ್ವರ್ ಸತ್ತೇ ಹೋಗ್ತದ ನೋಡು ಅನ್ನುತ್ತಿದ್ದ ಈರೇಶ, ಸಾಯುವ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಿದ್ದ, ಮತ್ತೆ ಅದೇ ಕಣ್ಣಮುಂದೆ ಬಂತು — ಗುಂಡಿಯೊಳಗೆ ಕೂತ ಈರೇಶ, ಅವರಲ್ಲಿ ಮಲಗಿಸುವುದಿಲ್ಲವಂತೆ, ಕೂರಿಸಿಯೇ ಮಣ್ಣು ಮಾಡುವುದಂತೆ, ಹಣೆ ತುಂಬ ವಿಭೂತಿ, ಮಡಚಿದ ಬರಿಗಾಲು, ಮೇಲಕ್ಕೆ ತಿರುಗಿದ ಆ ಅಂಗಾಲು ಎಷ್ಟು ಬೆಳ್ಳಗಿತ್ತು.

ಇಬ್ಬರಿರಲೇಬೇಕು, ಅದು ಮುಂಬೈ ಕಂಪನಿಯ ನಿಯಮ, ನಮ್ಮ ಅಂಗಡಿ ಅವರ ಪಾರ್ಟ್‌ನರ್ ಆಗಬೇಕಾದರೆ ಆ ಕಂಪನಿಯ ಪರೀಕ್ಷೆ ಪಾಸಾದ ಇಬ್ಬರು ಎಂಜಿನಿಯರುಗಳಿರಬೇಕು, ಆಗಷ್ಟೇ ಅವರ ಸರ್ವರು, ಅವರ ಸಾಫ್ಟ್‌ವೇರು, ಅವರ ಮುದ್ರೆ, ಇಲ್ಲದಿದ್ದರೆ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿ ಮಾರುವ ನೂರೆಂಟು ಅಂಗಡಿಗಳಲ್ಲಿ ಇದೂ ಒಂದು, ಯುಗಾದಿಯೊಳಗೆ ಬಾಗಿಲು ಹಾಕಿದಂತೆಯೇ. ಮದ್ರಾಸಿಗೆ ಹೋಗಿ ಪರೀಕ್ಷೆ ಬರೆದದ್ದು ಇಬ್ಬರೂ ಒಟ್ಟಿಗೆ, ಬಸ್ಸಿನಲ್ಲಿ ಅಳುತ್ತಾ ಕೂತವಳು ತಾನು, ನೀ ಪಾಸಾಗ್ಲಿಲ್ಲಂದ್ರ ನನ್ನ ಸರ್ಟಿಫಿಕೇಟ್ ತಗೊಂಡು ಉಪ್ಪಿನಕಾಯಿ ಹಾಕ್ಲೇನು, ಇಬ್ರು ಬೇಕಲ್ಲ ಎಂದವನು ಅವನು, ಹೋದ ತಿಂಗಳು ಜಾಲಹಳ್ಳಿ ಕ್ರಾಸಿನಲ್ಲಿ ಲಾರಿಗೆ ಸಿಕ್ಕವನೂ ಅವನೇ. ಅವನ ಸರ್ಟಿಫಿಕೇಟಿನ ಗಾಜನ್ನು ಬೆಳಿಗ್ಗೆ ಮಾಲೀಕರು, ಪರಮಾನಂದ ಸಾರ್, ತಾವೇ ಕರ್ಚೀಫಿನಲ್ಲಿ ಒರೆಸಿದರು, ನೋಡಮ್ಮ, ಸೈಟಿಗೆ ಹೋಗಿದಾನೆ ಅನ್ನು ಅಷ್ಟೆ, ಇನ್ನೊಬ್ರು ಪರೀಕ್ಷೆ ಪಾಸಾಗೋವರೆಗೂ, ಎಲ್ಲರ ಅನ್ನದ ಪ್ರಶ್ನೆ ಕಣಮ್ಮ, ಪಾರ್ಟ್‌ನರ್ ಆದ್ರೆ ಅವನ ಹೆಂಡ್ತಿ ಸೌಮ್ಯಂಗೂ ಇಲ್ಲೇ ಕೆಲಸ ಕೊಡ್ತೀನಿ. ಅದೊಂದು ಮಾತಿಗೆ ತಾನು ತಲೆಯಾಡಿಸಿದ್ದು, ಸೌಮ್ಯಾಳ ಹೆಸರು ಹಿಡಿದು ತನ್ನ ಸಂಬಳವನ್ನೂ ಉಳಿಸಿಕೊಂಡದ್ದು, ಎಂಥ ಹೇಸಿಗೆ.

ಈರೇಶ್ ಎಲ್ಲಿ ಕಾಣ್ತಿಲ್ಲವಲ್ಲಮ್ಮ ಎಂದು ಅವರು ಕೇಳಿದ್ದೇ ತಡ, ಸೈಟಿಗೆ ಹೋಗಿದಾರೆ ಸಾರ್ — ಅಂದೇಬಿಟ್ಟಳಲ್ಲ, ನಾಲಿಗೆ ತೊದಲಲಿಲ್ಲ, ವಿಶ್ವನಾಥ್ ಸಾರ್ ನಂಬಿಯೂಬಿಟ್ಟರು, ಅಯ್ಯೋ, ರಾಣೆಬೆನ್ನೂರಿನವರಂತೆ, ನಾನೂ ಆ ಕಡೆಯವನೇ, ಎರಡು ಮಾತಾಡ್ಕೊಂಡೇ ಹೋಗ್ತೀನಿ, ಪೇಜರ್‌ಗೆ ಮೆಸೇಜ್ ಹಾಕಿ, ಫೋನ್ ಮಾಡ್ಲಿ. ಒಳ್ಳೆಯ ಮನುಷ್ಯ, ಅದೇ ಕಷ್ಟ. ಪರಮಾನಂದ ಸಾರ್ ಕಣ್ಣಲ್ಲೇ ಹಾಕು ಎನ್ನುತ್ತಿದ್ದಾರೆ, ಆ ಪೇಜರು ಲಾರಿಯಡಿಯಲ್ಲೇ ಪುಡಿಯಾಯಿತೆಂದು ಅವರ ಲೆಕ್ಕ, ಅವರಿಗೇನು ಗೊತ್ತು, ಅದು ರಾಜಗೋಪಾಲನಗರದ ಮನೆಯಲ್ಲಿ ಸೌಮ್ಯಾಳ ದಿಂಬಿನ ಪಕ್ಕ ಇದೆ, ಕಂಡದ್ದು ಭುವನೇಶ್ವರಿಯೊಬ್ಬಳೇ, ಭಾನುವಾರ ನೋಡಲು ಹೋದಾಗ, ಹೊಸಾ ಸೆಲ್ ಹಾಕೀನ್ರಿ ಅಕ್ಕಾರ, ಒಮ್ಮೆರ ಕೂಗಿದ್ರ ಅವ್ರು ಇಲ್ಲೇ ಅದಾರ ಅನ್ನಿಸ್ತೈತಿ ಅಂದಿದ್ದಳು ಸೌಮ್ಯಾ. ನಂಬರು ತಪ್ಪಿಸಿ ಹೇಳೋಣವೆಂದರೆ ಅರ್ಜಿ ನೋಡಿಕೊಂಡು ವಿಶ್ವನಾಥ್ ಸಾರೇ ಓದುತ್ತಿದ್ದಾರೆ, ಫೋನಿನ ಆ ಕಡೆ ಪೇಜಿಂಗ್ ಕಂಪನಿಯ ಹುಡುಗಿ ಬರೆದುಕೊಂಡದ್ದನ್ನು ಮತ್ತೆ ಒಪ್ಪಿಸುತ್ತಿದ್ದಾಳೆ, ಈರೇಶ್, ಬೇಗ ಆಫೀಸಿಗೆ ಫೋನ್ ಮಾಡಿ, ಭುವನೇಶ್ವರಿ, ಕಳಿಸ್ಲಾ ಮೇಡಂ, ಬೇಡ ಅನ್ನಬೇಕು, ಅವನು ಹೋಗಿಬಿಟ್ಟ ಸಾರ್ ಅನ್ನಬೇಕು, ಈಗಲೇ, ಈ ಉಸಿರಿನಲ್ಲೇ — ಕಳಿಸಿ ಎಂದಳು.

ಟೀ ಬಂತು, ಯಾರೂ ಮುಟ್ಟಲಿಲ್ಲ, ಸೌಮ್ಯಾ ಮಲಗಿರಲಿ, ನೀರು ಹಿಡಿಯಲು ನಲ್ಲಿಗೆ ಹೋಗಿರಲಿ, ಕೆಳಗಿನ ಮನೆ ಗೌರಮ್ಮನವರ ಫೋನು ಕೆಟ್ಟಿರಲಿ, ದೇವರೇ ಅದೊಂದು ಕೆಟ್ಟಿರಲಿ — ಮೇಜಿನ ಮೇಲಿನ ಫೋನು ಹೊಡೆದುಕೊಳ್ಳತೊಡಗಿತು. ನೋಡಿ, ಎಷ್ಟು ಬೇಗ, ತಗೊಳ್ಳಿ ತಗೊಳ್ಳಿ ಎಂದು ವಿಶ್ವನಾಥ್ ಸಾರ್ ನಗುತ್ತಿದ್ದಾರೆ, ರಿಸೀವರ್ ಎತ್ತಿದಳು, ಮೆಟ್ಟಿಲು ಓಡಿ ಇಳಿದವರ ಉಸಿರು, ಅಕ್ಕಾರ, ಅವ್ರಿಗೆ ಫೋನ್ ಮಾಡ್ರಿ ಅಂತ ಹಾಕೀರಲ್ರಿ, ಏನ್ ಹೇಳ್ಬೇಕಿತ್ರಿ ಅವ್ರಿಗೆ, ನನ್ ಕಡೆ ಹೇಳ್ರಿ. ಕೊಡಿಲ್ಲಿ ಎಂದು ಕೈ ಚಾಚುತ್ತಿದ್ದಾರೆ ವಿಶ್ವನಾಥ್ ಸಾರ್, ಕೊಡಬಾರದು, ಏನು ಹೇಳಲಿ, ಸೌಮ್ಯಾ, ಅವನಿಗೆ — ಕೂತಿದ್ದಾನೆ, ಕಣ್ಣು ಮುಚ್ಚಿ ಕೂತೇ ಇದ್ದಾನೆ, ಮಡಚಿದ ಬರಿಗಾಲು, ಬೆಳ್ಳನೆಯ ಅಂಗಾಲು, ಅದರ ಮೇಲೆ ಮೊದಲ ಹಿಡಿ ಮಣ್ಣು, ಅಂಗಾಲು, ಮಣ್ಣು, ಅಂಗಾಲು —